ಹುಳದ ಮನೆ ಪಕ್ಕದ ಕೈತೋಟ

ಭಾನುವಾರ ಕಂಡರೆ ನನಗೆ ಆಗುವುದಿಲ್ಲ. ಟೀಚರಿಗೆ ಭಾನುವಾರ ಬೇಡವಂತೆ ಅಂದರೆ ಕೇಳಿದವರು ನಗುತ್ತಾರೆ. ನಗಲಿ ಬಿಡಿ. ಸೋಮವಾರದಿಂದ ಶನಿವಾರದವರೆಗೆ ನಾನು ಇಪ್ಪತ್ತೇಳು ಮಕ್ಕಳ ಜೊತೆ ಶಾಲೆಯ ಜಗಲಿಯಲ್ಲಿ ಸಾಲಾಗಿ ಕೂತು ಬಿಸಿಯೂಟ ಉಣ್ಣುತ್ತೇನೆ. ಒಬ್ಬ ಸಾರು ಚೆಲ್ಲುತ್ತಾನೆ, ಒಬ್ಬಳು "ಮಿಸ್, ಇವ್ನು ನನ್ ತಟ್ಟೆಗೆ ಕೈ ಹಾಕ್ದ" ಅಂತ ರಾಗ ಎಳೆಯುತ್ತಾಳೆ, ಗದ್ದಲವೋ ಗದ್ದಲ. ಭಾನುವಾರ ಬಾಡಿಗೆ ಕೋಣೆಯಲ್ಲಿ ಒಂದು ಲೋಟ ಅಕ್ಕಿ ಇಟ್ಟರೆ, ಕುಕ್ಕರ್ ಮೂರು ಸಲ ಕೂಗುತ್ತಲ್ಲ, ಇಡೀ ದಿನಕ್ಕೆ ಆ ಮನೆಯಲ್ಲಿ ಅಷ್ಟೇ ಮಾತು.

ಅಮ್ಮ ಹೋದ ಮೇಲೆ ಚನ್ನಪಟ್ಟಣದ ಬಾಡಿಗೆ ಮನೆ ಖಾಲಿ ಮಾಡಿದೆ. ಅದೇ ಸಮಯಕ್ಕೆ ಮಾಗಡಿ ತಾಲ್ಲೂಕಿನ ಈ ಶಾಲೆಗೆ ವರ್ಗವಾಯಿತು. ಗುಡೇಮಾರನಹಳ್ಳಿಯಲ್ಲಿ ಬಸ್ಸಿಳಿದು ಒಳಕ್ಕೆ ನಡೆದರೆ ಸಿಗುವ ಸಣ್ಣ ಊರು. ಇಬ್ಬರು ಟೀಚರ್ ಇರಬೇಕಾದ ಕಡೆ ನಾನೊಬ್ಬಳೇ. ಮದುವೆ ಯಾಕಾಗಲಿಲ್ಲ ಅಂತ ಕೇಳುವವರಿಗೆ ನನ್ನ ಹತ್ತಿರ ಒಂದು ಖಾರದ ಉತ್ತರ ಸಿದ್ಧ ಇರುತ್ತದೆ, ಅದು ಇಲ್ಲಿ ಬೇಡ. ಊರವರು ಒಳ್ಳೆಯವರೇ. ಸಂಜೆ ಎದುರು ಸಿಕ್ಕರೆ "ಕಾಪಿ ಆಯ್ತಾ ಮೇಡಮ್ಮೋರೆ" ಅಂತಾರೆ. ಆಯ್ತು ಅಂತೀನಿ. ಮುಂದೆ ಏನು ಮಾತಾಡಬೇಕು ಅಂತ ಅವರಿಗೂ ತಿಳಿಯದು, ನನಗೂ ತಿಳಿಯದು.

ಮಕ್ಕಳು ಊಟಕ್ಕೆ ಕೂತಾಗ ಒಂದು ವಿಷಯ ಗಮನಿಸಿದೆ. ಸಾಂಬಾರಿನ ತರಕಾರಿಯನ್ನೆಲ್ಲ ಹೆಕ್ಕಿ ತಟ್ಟೆಯ ಅಂಚಿಗೆ ಸಾಲಾಗಿ ಇಟ್ಟು, ಅನ್ನ ಮಾತ್ರ ಉಂಡು ಏಳುತ್ತಿದ್ದವು. ಬೈದೆ, ಪುಸಲಾಯಿಸಿದೆ, ತರಕಾರಿಯಲ್ಲಿ ಏನೇನಿದೆ ಅಂತ ಬೋರ್ಡಿನ ಮೇಲೆ ಬರೆದೆ. ಊಹೂಂ. ಕೊನೆಗೆ, ತಿನ್ನದಿದ್ದರೆ ಬೆಳೆಯಿರಿ ಅಂದೆ. ಶಾಲೆಯ ಹಿಂದೆ ಪಾರ್ಥೇನಿಯಂ ಎದೆಯುದ್ದ ಬೆಳೆದು ನಿಂತಿತ್ತು. ಕಿತ್ತೆವು. ಒಂದೊಂದು ಮಗುವಿಗೆ ಒಂದೊಂದು ತುಂಡು ಮಡಿ. ಬದನೆ, ಟೊಮೊಟೊ, ದಂಟು, ಮೆಂತ್ಯ, ಅಂಚಿಗೆ ಉದ್ದಕ್ಕೆ ಅವರೆ. ತಟ್ಟೆ ತೊಳೆದ ನೀರು ಬಾಳೆ ಬುಡಕ್ಕೆ, ತರಕಾರಿ ಸಿಪ್ಪೆ ಗೊಬ್ಬರದ ಗುಂಡಿಗೆ. ಏನೂ ಹಾಳಾಗಬಾರದು, ಏನೂ ಹೊರಗಿನಿಂದ ಬರಬಾರದು ಅಂತ ನನಗೊಂದು ಹುಚ್ಚು. ಮೊದಲ ಬದನೆಕಾಯಿ ಸಾಂಬಾರಿಗೆ ಬಿದ್ದ ದಿನ ನಾಲ್ಕನೇ ಕ್ಲಾಸಿನ ಹುಡುಗಿಯೊಬ್ಬಳು ತಟ್ಟೆ ಹಿಡಿದುಕೊಂಡು ಎಲ್ಲರ ಮುಂದೆ ಓಡಾಡಿದಳು. "ಇದು ನಂದು, ಇದು ನಂದು" ಅಂತ. ಆಮೇಲೆ ಯಾವ ತಟ್ಟೆಯ ಅಂಚಿನಲ್ಲೂ ತರಕಾರಿ ಉಳಿಯಲಿಲ್ಲ. ನನ್ನ ಹೊಟ್ಟೆ ತಣ್ಣಗಾಯಿತು.

ಇದಕ್ಕೆಲ್ಲ ನೀರು ಎಲ್ಲಿಂದ? ಶಾಲೆಯ ನಲ್ಲಿಯಲ್ಲಿ ಕುಡಿಯುವುದಕ್ಕೇ ತತ್ವಾರ. ನೀರು ಕೊಟ್ಟದ್ದು ಪಕ್ಕದ ತೋಟದ ಅಕ್ಕ. ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು. ನಮ್ಮ ಕೈತೋಟಕ್ಕೆ ಅಂಟಿಕೊಂಡೇ ಅವರ ಸೊಪ್ಪಿನ ತೋಟ. ಈ ಕಡೆ ಸೊಪ್ಪು ಅಂದರೆ ಹಿಪ್ಪುನೇರಳೆ ಸೊಪ್ಪು, ಹುಳ ಅಂದರೆ ರೇಷ್ಮೆ ಹುಳ, ಬೆಳೆ ಅಂದರೆ ಹುಳ ಮೇಯಿಸಿ ಗೂಡು ಕಟ್ಟಿಸುವುದು. ಎರಡು ತೋಟದ ನಡುವೆ ಕಾಂಪೌಂಡು ಇಲ್ಲ, ಒಂದು ಮೊಣಕಾಲುದ್ದದ ಬದು ಇದೆ ಅಷ್ಟೇ. ನಾವು ಬಿಂದಿಗೆಯಲ್ಲಿ ನೀರು ಹೊರುವುದನ್ನು ಎರಡು ದಿನ ನೋಡಿ, ಮೂರನೇ ದಿನ ಅವರೇ ತಮ್ಮ ಬೋರಿನಿಂದ ಒಂದು ಪೈಪು ಎಳೆದು ತಂದರು. "ಬೆಳಿಗ್ಗೆ ಗಂಟೆ ಹೊಡೆಯೋಕ್ ಮುಂಚೆ ಬುಡ್ತೀನಿ, ಹಿಡ್ಕಳಿ. ಮಕ್ಕಳು ಉಣ್ಣೋ ತೋಟ, ಒಣಗ್ಬಾರ್ದು" ಅಂದರು. ಥ್ಯಾಂಕ್ಸ್ ಅಂದೆ. "ಅದೇನ್ ಹಂಗಂದ್ರೆ?" ಅಂತ ಹೊರಟುಹೋದರು.

ಆ ವಾರವೇ ಭಾನುವಾರ ನನ್ನ ಕೋಣೆಯ ಬಾಗಿಲಲ್ಲಿ ಒಂದು ಸ್ಟೀಲ್ ಡಬ್ಬಿ. ಒಳಗೆ ಬಸ್ಸಾರು, ಮೇಲೆ ಎಲೆಯಲ್ಲಿ ಸುತ್ತಿದ ಮುದ್ದೆ. ಉಂಡು, ಡಬ್ಬಿ ತೊಳೆದು, ಒರೆಸಿ, ಸಂಜೆ ಕೊಟ್ಟು ಬಂದೆ. ಅಕ್ಕ ಮುಚ್ಚಳ ತೆಗೆದು ನೋಡಿದರು, ನನ್ನ ಮುಖ ನೋಡಿದರು. "ನಿಮ್ಮವ್ವ ಹೇಳ್ಕೊಟ್ಟಿಲ್ವೇನವ್ವ? ಪಾತ್ರೇನ ಖಾಲಿ ವಾಪಸ್ ಕೊಡ್ತಾರಾ? ಒಂದು ಚೂರು ಬೆಲ್ಲ ಹಾಕು, ಇಲ್ಲಾಂದ್ರೆ ಒಂದು ಹರಳು ಉಪ್ಪು ಹಾಕು. ಖಾಲಿ ಕೊಟ್ರೆ ಇಲ್ಗೆ ಮುಗೀತು ಅಂದಂಗೆ." ನಮ್ಮಮ್ಮ ಹೇಳಿಕೊಟ್ಟಿದ್ದರು. ಕೊಡುವ ಪಾತ್ರೆಯೇ ಬರದೆ ವರ್ಷಗಳಾಗಿ ಮರೆತಿತ್ತು. ಅವತ್ತಿನಿಂದ ಡಬ್ಬಿ ಹೋಗುವಾಗಲೂ ತುಂಬಿ ಹೋಯಿತು, ಬರುವಾಗಲೂ ತುಂಬಿ ಬಂತು. ಸ್ವಲ್ಪ ದಿನಕ್ಕೆ ಡಬ್ಬಿ ಯಾಕೆ, ನೀನೇ ಬಾ ಅಂದರು. ಮೇಡಮ್ಮೋರು ಅನ್ನುವುದು ಹೋಗಿ, ಕಣವ್ವ ಅನ್ನುವುದು ಬಂತು. ಊಟ ಅವರ ಮನೆಯಲ್ಲಿ, ಸಂಜೆಗೆ ಅಂತ ಡಬ್ಬಿಯಲ್ಲಿ ಮತ್ತೊಂದಿಷ್ಟು. ಒಂದು ವರ್ಷ ನನಗೆ ಭಾನುವಾರದ ಮೇಲೆ ಸಿಟ್ಟಿರಲಿಲ್ಲ.

ಹುಳದ ಮನೆಯೊಳಕ್ಕೆ ಮಾತ್ರ ನಾನು ಹೆಚ್ಚು ಹೋಗುತ್ತಿರಲಿಲ್ಲ. ಬಾಗಿಲಲ್ಲಿ ಸುಣ್ಣದ ಪುಡಿ ಹಾಕಿರುತ್ತಿದ್ದರು, ಅದನ್ನು ತುಳಿದೇ ಒಳಕ್ಕೆ. ಒಳಗೆ ಊದುಬತ್ತಿ ಹಚ್ಚುವಂತಿಲ್ಲ, ಸೊಳ್ಳೆಬತ್ತಿಯಂತೂ ಇಲ್ಲವೇ ಇಲ್ಲ, ಆ ಕಡೆ ಗಾಳಿಯಿದ್ದರೆ ಮೆಣಸಿನಕಾಯಿ ಕೂಡ ಹುರಿಯುವಂತಿಲ್ಲ. "ಎಳೇ ಬಾಣಂತಿಗಿಂತ ನಾಜೂಕು ಕಣವ್ವ ಇವು" ಅನ್ನುತ್ತಿದ್ದರು. ಇಷ್ಟೆಲ್ಲ ಕೇಳಿಯೂ ನನ್ನ ತಲೆಗೆ ಹೋಗಲಿಲ್ಲ ನೋಡಿ. ಪೇಟೆಯಲ್ಲಿ ಬೆಳೆದವಳು, ರೇಷ್ಮೆ ಅಂದರೆ ಸೀರೆ ಅಂತ ತಿಳಿದವಳು.

ಅಕ್ಕನ ಮಗ ಹಾರೋಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಒಂದು ಫ್ಯಾಕ್ಟರಿಯಲ್ಲಿದ್ದ. ಅದೇ ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಿದ್ದ ಹಾರೋಹಳ್ಳಿ ಹುಡುಗಿಯನ್ನು ಮೆಚ್ಚಿ ಕಟ್ಟಿಕೊಂಡ. ಕೆಲಸ ಬಿಟ್ಟು ಅವಳು ಈ ಊರಿಗೆ ಬಂದಳು, ಅವನು ವಾರಕ್ಕೊಮ್ಮೆ ಬರುತ್ತಿದ್ದ. ಅಕ್ಕ ಅವಳಿಗೆ ಏನೂ ಅನ್ನುತ್ತಿರಲಿಲ್ಲ, ಆದರೆ ಅವಳ ಸೆಂಟಿನ ಬಾಟಲಿ ಕಂಡರೆ ಮೂಗು ಮುರಿಯುತ್ತಿದ್ದರು. "ಹುಳದ ಮನೇಲಿ ಇದ್ಯಾಕವ್ವ ಬೇಕು?" ಅವಳು ಬಾಟಲಿಯನ್ನು ಪೆಟ್ಟಿಗೆಗೆ ಹಾಕಿಟ್ಟಳು. ನಾನು ಕಂಡ ಹಾಗೆ ಮತ್ತೆ ಮುಟ್ಟಲಿಲ್ಲ.

ಆ ಡಿಸೆಂಬರಿನಲ್ಲಿ ನಮ್ಮ ಅವರೆ ಹೂ ಬಿಟ್ಟು ಕಾಯಿ ಕಟ್ಟಿತು. ಅಷ್ಟರಲ್ಲೇ ಕುಡಿಯ ತುಂಬ ರಸ ಹೀರುವ ಕಪ್ಪು ಹೇನು ಕೂತವು. ಸೋಮವಾರ ತಾಲ್ಲೂಕಿನಿಂದ ಶಾಲಾ ಕೈತೋಟ ನೋಡುವುದಕ್ಕೆ ಅಧಿಕಾರಿಗಳು ಬರುವವರಿದ್ದರು. ಒಂದು ತಿಂಗಳ ಮುಂಚೆಯೇ ನಾನು ತೋಟದ ಮುಂದೆ ಹಸಿರು ಬಣ್ಣದಲ್ಲಿ ಬೋರ್ಡು ಬರೆಸಿ ನಿಲ್ಲಿಸಿದ್ದೆ: "ಇದು ಮಕ್ಕಳ ತೋಟ. ಇಲ್ಲಿ ವಿಷ ಸಿಂಪಡಿಸುವುದಿಲ್ಲ." ಆದ್ದರಿಂದ ಅಂಗಡಿ ಔಷಧಿ ತರುವ ಮಾತೇ ಇಲ್ಲ. ತರಬೇತಿಯೊಂದರಲ್ಲಿ ಬರೆದುಕೊಂಡ ಕಷಾಯ ನೆನಪಾಯಿತು. ಬೇವಿನ ಸೊಪ್ಪು, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಹೊಗೆಸೊಪ್ಪು, ಎಲ್ಲ ಕುದಿಸಿ ಸೋಸಿದರೆ ಆಯಿತು. ಎಲ್ಲವೂ ಗಿಡದಿಂದ ಬಂದದ್ದು, ಮಕ್ಕಳಿಗೂ ಮಣ್ಣಿಗೂ ತೊಂದರೆಯಿಲ್ಲ ಅಂತ ನೋಟ್‌ಬುಕ್ಕಿನಲ್ಲಿ ಕೆಂಪು ಇಂಕಿನಲ್ಲಿ ಗೆರೆ ಎಳೆದಿದ್ದೆ.

ಹೊಗೆಸೊಪ್ಪು ಕೇಳಿದಾಗ ಗುಡೇಮಾರನಹಳ್ಳಿಯ ಅಂಗಡಿಯವನು ಹಲ್ಲು ಕಿರಿದ. "ಏನ್ ಮೇಡಮ್ಮೋರೆ, ಎಲೆ ಅಡಿಕೆ ಜೊತೆಗೆ ಇದೂ ಸುರು ಮಾಡ್ಕಂಡ್ರಾ?" "ಹೌದಪ್ಪ, ನಿನ್ ಅಂಗಡಿ ನೋಡ್ತಾ ನೋಡ್ತಾ ಕಲಿತೆ" ಅಂದೆ. ಯಾತಕ್ಕೆ ಅಂತ ಹೇಳಿದ್ದರೆ ಅವನೇ ತಡೆಯುತ್ತಿದ್ದನೋ ಏನೋ. ನನ್ನ ಬಾಯಿಗೆ ಎದುರುತ್ತರ ಬಂದಷ್ಟು ಬೇಗ ನೆಟ್ಟಗಿನ ಮಾತು ಬರುವುದಿಲ್ಲ.

ಶನಿವಾರ ಬೆಳಗಿನ ಕ್ಲಾಸು ಮುಗಿಸಿ ಮಕ್ಕಳನ್ನು ಕಳಿಸಿದೆ. ಅಡುಗೆಯಮ್ಮನೂ ಪಾತ್ರೆ ತೊಳೆದಿಟ್ಟು ಹೋದರು. ಅವರದೇ ಒಲೆಯಲ್ಲಿ ಕಷಾಯ ಕುದಿಸಿ, ಆರಿಸಿ, ಕೈಪಂಪಿಗೆ ತುಂಬಿಕೊಂಡು ಒಬ್ಬಳೇ ಸಿಂಪಡಿಸಿದೆ. ಅವರೆ ಸಾಲು ಪೂರ್ತಿ ಮುಗಿದ ಮೇಲೂ ಪಂಪಿನಲ್ಲಿ ಒಂದಿಷ್ಟು ಉಳಿದಿತ್ತು. ಬದುವಿನ ಆಚೆಗೆ ಅಕ್ಕನ ಸೊಪ್ಪಿನ ಗಿಡ. ಅದರ ಕುಡಿಗಳೂ ಮುದುರಿದ್ದವು, ಏನೋ ಬಿಳಿ ಹುಳು ಕೂತಿತ್ತು. ಪಾಪ, ದಿನಾ ನೀರು ಬಿಡುತ್ತಾರೆ, ನನ್ನಿಂದ ಅವರಿಗೆ ಏನು ಸಿಕ್ಕಿದೆ, ಒಂದು ಚೂರು ಬೆಲ್ಲ ಬಿಟ್ಟರೆ? ಬದು ಹತ್ತಿ ನಿಂತು, ಆ ಕಡೆಯ ಸಾಲಿಗೂ ಉದ್ದಕ್ಕೂ ಹೊಡೆದೆ. ನಾಳೆ ಊಟಕ್ಕೆ ಕೂತಾಗ ಹೇಳೋಣ, ಖುಷಿಪಡಲಿ ಅಂದುಕೊಂಡೆ. ಹಾಡಿಕೊಂಡು ಕೈ ತೊಳೆದೆ. ಆ ಹೊತ್ತಿನಲ್ಲಿ ಆ ಊರಿನ ಯಾವ ನರಪ್ರಾಣಿ ಅತ್ತ ಬಂದಿದ್ದರೂ ನನ್ನ ಕೈ ಹಿಡಿದು ನಿಲ್ಲಿಸುತ್ತಿತ್ತು. ಯಾರೂ ಬರಲಿಲ್ಲ.

ಭಾನುವಾರ ಅಕ್ಕನ ಮನೆಯ ಪಡಸಾಲೆಯಲ್ಲಿ ಕೂತು ಇಬ್ಬರೂ ಅವರೆಕಾಳು ಹಿತುಕುತ್ತಿದ್ದೆವು. ನೆನೆದ ಕಾಳನ್ನು ಎರಡು ಬೆರಳಲ್ಲಿ ಒತ್ತಿದರೆ ಸಿಪ್ಪೆ ಕೈಯಲ್ಲಿ, ಬೇಳೆ ಬಟ್ಟಲಲ್ಲಿ. ನನ್ನ ಬೇಳೆ ಬಟ್ಟಲು ಬಿಟ್ಟು ಎಲ್ಲೆಲ್ಲೋ ಹಾರುತ್ತಿತ್ತು, ಅಕ್ಕ ನಗುತ್ತಿದ್ದರು. ಹುಳ ನಾಲ್ಕನೇ ಜ್ವರ ಎದ್ದು ಮೂರು ದಿನವಾಗಿತ್ತು. ಜ್ವರ ಅಂದರೆ ಹುಳ ಊಟ ಬಿಟ್ಟು ಪೊರೆ ಕಳಚುವ ಕಾಲ. ನಾಲ್ಕನೆಯದು ಎದ್ದರೆ ಆಮೇಲೆ ಹಗಲೂ ರಾತ್ರಿ ತಿನ್ನುವುದೇ ಕೆಲಸ, ಇನ್ನು ನಾಲ್ಕು ದಿನಕ್ಕೆ ಗೂಡು ಕಟ್ಟುತ್ತವೆ. "ಇವತ್ತು ಇಸ್ಕೂಲ್ ಪಕ್ಕದ ಸಾಲು ಕುಯ್ಸಿ ಹಾಕ್ಸಿವ್ನಿ. ಸೊಸೆ ಬೆಳಿಗ್ಗೇನೆ ಕುಯ್ದು ತಂದ್ಲು" ಅಂದರು. ಈಗ ಹೇಳೋಣ ಅಂತ ನಾನು ಬಾಯಿ ತೆರೆದೆ.

"ಅತ್ತೇ!" ಅಂತ ಹುಳದ ಮನೆಯಿಂದ ಕೂಗು ಬಂತು.

ನಾನೂ ಹಿಂದೆಯೇ ಓಡಿದೆ. ತಟ್ಟೆಗಳ ಮೇಲೆ ಹುಳಗಳೆಲ್ಲ ತಲೆ ಮೇಲೆತ್ತಿ ಆ ಕಡೆ ಈ ಕಡೆ ತೂಗುತ್ತಿದ್ದವು. ಬಾಯಿಂದ ಹಸಿರು ನೀರು. ಸೊಪ್ಪು ಹಾಗೇ ಬಿದ್ದಿತ್ತು, ತಿನ್ನುವ ಸದ್ದೇ ಇಲ್ಲ. ಅಕ್ಕ ಒಂದು ಹುಳವನ್ನು ಅಂಗೈ ಮೇಲೆ ಇಟ್ಟುಕೊಂಡರು. ಅದು ನೋಡ ನೋಡುತ್ತಾ ಮುದುರಿತು. "ಇಸ" ಅಂದರು. ಅಷ್ಟೇ. ಆಮೇಲೆ ತಲೆ ಮೇಲೆ ಕೈ ಹೊತ್ತು ಸುಣ್ಣದ ಪುಡಿ ಹಾಕಿದ್ದ ಹೊಸ್ತಿಲಲ್ಲೇ ಕೂತುಬಿಟ್ಟರು.

ಅಕ್ಕಪಕ್ಕದವರು ಸೇರಿದರು. ಯಾರ ಹೊಲದಲ್ಲಿ ಔಷಧಿ ಹೊಡೆದರು ಅಂತ ಒಬ್ಬೊಬ್ಬರನ್ನೇ ಕೇಳಿದರು. ರಾಗಿ ಕೊಯ್ದಾಗಿತ್ತು, ಯಾರೂ ಹೊಡೆದಿರಲಿಲ್ಲ. "ಇಸ್ಕೂಲ್ ತೋಟಕ್ಕೆ ಏನಾದ್ರೂ...?" ಅಂತ ಒಬ್ಬರು ಶುರು ಮಾಡಿದರು. ಅಕ್ಕ ತಲೆ ಎತ್ತಿ, "ಛೆ, ಬುಡಿ. ಮಕ್ಕಳುಣ್ಣೋ ತೋಟಕ್ಕೆ ಇಸ ಹೊಡ್ದಾರಾ? ಬೋರ್ಡೇ ಬರೆಸವ್ರೆ ನೋಡ್ಲಿಲ್ವಾ?" ಅಂದರು. ನಾನು ಹೊಡೆದದ್ದು ವಿಷವಲ್ಲ, ಕಷಾಯ ಅಂತ ನನಗೆ ನಾನೇ ಹೇಳಿಕೊಂಡೆ. ಬಾಯಿ ಮುಚ್ಚಿಕೊಂಡೆ.

ಆಗ ಸೊಸೆ ಮೆಲ್ಲಗೆ, "ಸೊಪ್ಪು ಕುಯ್ಯುವಾಗ ಒಂಥರಾ ವಾಸನೆ ಬತ್ತಿತ್ತು ಅತ್ತೆ" ಅಂದಳು.

ಅಕ್ಕ ತಿರುಗಿದರು. ಆ ಹೆಂಗಸಿಗೆ ಅಷ್ಟು ಕೋಪ ಬರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. "ವಾಸ್ನೆ ನಿನ್ ಕೈದು ಕಣೇ! ನಿನ್ ಸೆಂಟಿಂದು! ಬಡ್ಕಂಡೆ, ಹುಳದ ಮನೆ ಇದು ಅಂತ ಬಡ್ಕಂಡೆ. ಶೋಕಿ ಮಾಡಿ ನನ್ ಬೆಳೆ ತೆಗೆದ್ಬುಟ್ಯಲ್ಲೇ!" ಅವಳು ಇಲ್ಲ ಅತ್ತೆ, ಇಲ್ಲ ಅತ್ತೆ ಅನ್ನುತ್ತಲೇ ಇದ್ದಳು. ಊರವರು ಅವಳ ಕೈ ನೋಡಿದರು. ನಾನೂ ನೋಡಿದೆ, ಅಯ್ಯೋ ಶಿವನೇ.

ಸೋಮವಾರ ಅಧಿಕಾರಿಗಳು ಬಂದರು. ಅವರೆ ಸಾಲಿನ ಮುಂದೆ ನಿಂತು, ಒಂದು ಹೇನೂ ಇಲ್ಲ ಅಂತ ಬೆರಗಾದರು. ಮಕ್ಕಳ ಜೊತೆ ಕೂತು ಉಂಡರು, ಬೋರ್ಡಿನ ಪಕ್ಕದಲ್ಲಿ ನನ್ನನ್ನು ನಿಲ್ಲಿಸಿ ಫೋಟೊ ತೆಗೆದರು. ಅವರು ಹೋದ ಮೇಲೆ ಅಡುಗೆಯಮ್ಮ ಒಲೆಯ ಹತ್ತಿರ ಮೂಗು ಮುದುರಿದರು. "ಏನ್ ಮೇಡಂ, ಈ ಪಾತ್ರೆ ಹೊಗೆಸೊಪ್ ವಾಸ್ನೆ ಹೊಡೀತಾ ಐತೆ? ಹುಷಾರು ಕಣ್ರೀ. ಹುಳದ ಮನೆಯವ್ರು ಕೇಳುದ್ರೆ ಸುಮ್ಕಿರಲ್ಲ. ನಮ್ ಮಾವನೋರು ಹೊಗೆಸೊಪ್ಪು ಹಾಕ್ಕಂಡ್ರೆ ಕೈ ತೊಳೀದೆ ಸೊಪ್ಪಿನ ತೋಟಕ್ಕೇ ಕಾಲಿಡ್ತಿರ್ಲಿಲ್ಲ. ಅದ್ರ ನೀರು ತಗುಲುದ್ರೆ ಸಾಕು, ಹುಳ ವಾಂತಿ ಮಾಡ್ಕಂಡು ಸಾಯ್ತವೆ." ಈ ಊರಿನಲ್ಲಿ ಒಂದನೇ ಕ್ಲಾಸಿನ ಮಗುವಿಗೂ ಗೊತ್ತಿರುವ ಮಾತು ಅದು. ನನಗೆ ಯಾರೂ ಹೇಳಿರಲಿಲ್ಲ, ಯಾಕೆಂದರೆ ಗೊತ್ತಿಲ್ಲದವರು ಇರುತ್ತಾರೆ ಅಂತ ಅವರಿಗೆ ಹೊಳೆದೇ ಇರಲಿಲ್ಲ. ನಾನು "ಹೌದಾ" ಅಂದೆ. ಸೆಂಟಿನ ಮಾತನ್ನೇ ಊರೆಲ್ಲ ನಂಬಿತ್ತು, ಅವರಿಗೂ ನನ್ನ ಮೇಲೆ ಅನುಮಾನ ಬರಲಿಲ್ಲ. ಸೋಸಿಟ್ಟ ಬಕೆಟ್ಟಿನ ತಳದಲ್ಲಿ ಉಳಿದಿದ್ದ ಕಷಾಯವನ್ನು ಬಚ್ಚಲಿಗೆ ಚೆಲ್ಲಿ, ಪಾತ್ರೆಯನ್ನು ಹುಣಸೆಹಣ್ಣು ಹಾಕಿ ಮೂರು ಸಲ ಉಜ್ಜಿದೆ.

ಅವತ್ತೇ ಹೋಗಿ ಹೇಳಬೇಕಿತ್ತು. ಬದು ದಾಟಿದರೆ ಅವರ ಮನೆ. ಹೇಳಲಿಲ್ಲ. ಯಾಕೆ ಅಂದರೆ, ಹೇಳಿದರೆ ಭಾನುವಾರ ಹೋಗುತ್ತಿತ್ತು. ಇದನ್ನು ಬೇರೆ ಬೇರೆ ಬಣ್ಣ ಹಚ್ಚಿ ಬರೆಯಬಹುದು, ನಾನು ಹಚ್ಚುವುದಿಲ್ಲ. ಮೂವತ್ತು ಹೆಜ್ಜೆ ನಡೆದು ಒಂದು ಮಾತು ಹೇಳಲಾರದೆ, ಒಬ್ಬ ಹುಡುಗಿಯ ತಲೆ ಮೇಲೆ ಅದನ್ನು ಹೊರಿಸಿ ನಾನು ಊಟ ಮಾಡಿಕೊಂಡಿದ್ದೆ. ಥೂ, ನನ್ನ ಜನ್ಮಕ್ಕೆ.

ಮುಂದಿನ ಭಾನುವಾರವೂ ಅಕ್ಕ ಕರೆದರು. ಹೋದೆ. ಅದರ ಮುಂದಿನದಕ್ಕೂ ಹೋದೆ. ಸೊಸೆ ಬಡಿಸಿ ಒಳಕ್ಕೆ ಹೋಗುತ್ತಿದ್ದಳು. ಹುಳದ ಮನೆಗೆ ಅವಳು ಕಾಲಿಡುವಂತಿರಲಿಲ್ಲ. ಅಕ್ಕ ಅವಳ ಹೆಸರು ಹಿಡಿದು ಕರೆಯುವುದನ್ನೇ ಬಿಟ್ಟಿದ್ದರು, "ನೀರು ತತ್ತಾ ಅನ್ನು ಆ ಶೋಕಿ ಹೆಣ್ಣಿಗೆ" ಅಂತ ನನ್ನ ಕೈಲಿ ಹೇಳಿಸುತ್ತಿದ್ದರು. ನಾನು ಹೇಳುತ್ತಿದ್ದೆ. ಮುದ್ದೆಯನ್ನು ಸಾರಿನಲ್ಲಿ ಅದ್ದಿ ನುಂಗುತ್ತಿದ್ದೆ, ಸಂಜೆಗೆ ಡಬ್ಬಿಯನ್ನೂ ತರುತ್ತಿದ್ದೆ. ಹೀಗೆ ಐದು ಭಾನುವಾರ.

ಐದನೆಯದು ಕಳೆದ ಮರುದಿನ ಕಚೇರಿ ಕೆಲಸಕ್ಕೆ ಮಾಗಡಿಗೆ ಹೋಗಬೇಕಿತ್ತು. ಗುಡೇಮಾರನಹಳ್ಳಿಯ ಬಸ್ ನಿಲ್ದಾಣದಲ್ಲಿ ಸೊಸೆ ನಿಂತಿದ್ದಳು. ಕಾಲ ಬಳಿ ಎರಡು ಚೀಲ. ಮಾಗಡಿಗೆ ಹೋಗಿ, ರಾಮನಗರ, ಕನಕಪುರದ ಮೇಲೆ ಹಾರೋಹಳ್ಳಿಗೆ, ಅಮ್ಮನ ಮನೆಗೆ.

"ಯಾವಾಗ ಬರ್ತೀಯಮ್ಮ?" ಅಂದೆ.

"ಬರಲ್ಲ ಮೇಡಂ. ಫ್ಯಾಕ್ಟ್ರೀಲಿ ಕೇಳಿವ್ನಿ, ಮತ್ತೆ ತಗೊಂಡಾರು." ಚೀಲದ ಬಾಯಿ ಬಿಗಿಮಾಡಿದಳು. "ನಮ್ಮೆಜಮಾನ್ರೂ ನಂಬ್ಲಿಲ್ಲ. ನೀವು ಓದಿರೋರು, ನೀವಾದ್ರೂ ನಂಬಿ ಮೇಡಂ. ಅವತ್ತು ನಾನು ಸೆಂಟು ಹಾಕ್ಕಂಡಿರ್ಲಿಲ್ಲ."

"ನಂಬ್ತೀನಿ" ಅಂದೆ.

ಆ ಹುಡುಗಿ ಅಷ್ಟಕ್ಕೇ ಅತ್ತುಬಿಟ್ಟಳು. ನನ್ನ ಕೈ ಹಿಡಿದುಕೊಂಡು, ಥ್ಯಾಂಕ್ಸ್ ಮೇಡಂ, ಥ್ಯಾಂಕ್ಸ್ ಮೇಡಂ ಅಂದಳು. ಬಸ್ಸು ಬಂತು. ಅವಳು ಹತ್ತಿ ಪಕ್ಕದಲ್ಲಿ ನನಗೊಂದು ಸೀಟು ಹಿಡಿದು ಕರೆದಳು. ನನಗೆ ಹತ್ತಲಾಗಲಿಲ್ಲ. ಬಸ್ಸು ಹೋದ ಮೇಲೆ ವಾಪಸ್ಸು ನಡೆದೆ. ನಡೆದೆ ಅನ್ನುವುದಕ್ಕಿಂತ ಓಡಿದೆ ಅನ್ನಬೇಕು.

ಅಕ್ಕ ಮುಂದಿನ ಬೆಳೆಗೆ ಹುಳದ ಮನೆ ತೊಳೆಯುತ್ತಿದ್ದರು. "ಇದೇನವ್ವ ಈಟೊತ್ಗೆ? ಬಾ, ಕಾಲಿಗೆ ಸುಣ್ಣ ತುಳ್ಕಂಡು ಒಳಕ್ ಬಾ" ಅಂದರು. ನಾನು ಬರಲ್ಲ ಅಕ್ಕ ಅಂತ ಹೊಸ್ತಿಲ ಆಚೆ ನಿಂತು ಎಲ್ಲವನ್ನೂ ಹೇಳಿದೆ. ಹೊಗೆಸೊಪ್ಪು ತಂದದ್ದು, ಕುದಿಸಿದ್ದು, ಉಳಿದದ್ದನ್ನು ಅವರ ಸಾಲಿಗೂ ಹೊಡೆದದ್ದು. ನಿಮಗೆ ಒಳ್ಳೇದಾಗಲಿ ಅಂತಲೇ ಹೊಡೆದೆ ಅಕ್ಕ ಅಂದೆ. ಆ ಬೆಳೆಯ ನಷ್ಟ ಎಷ್ಟಾದರೂ ಕೊಡುತ್ತೇನೆ ಅಂದೆ.

ಕೈಯಲ್ಲಿದ್ದ ಪೊರಕೆಯನ್ನು ಗೋಡೆಗೆ ಒರಗಿಸಿದರು. ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಹೊಗೆಸೊಪ್ಪಿಂದ ಅಂತ ಯಾವತ್ತು ಗೊತ್ತಾಯ್ತು?"

"ಸೋಮವಾರ."

"ಯಾವ್ ಸೋಮವಾರ?"

"ಮಾರನೇ ದಿನವೇ ಅಕ್ಕ."

ಅವರು ಬೆರಳು ಮಡಿಸಿ ಎಣಿಸಿದರು. ನಿಧಾನಕ್ಕೆ, ಒಂದೊಂದೇ. "ಐದು ಭಾನುವಾರ ನನ್ ಮನೇಲಿ ಕೂತು ಉಂಡ್ರಿ" ಅಂದರು. "ಹುಳ ಹೋದ್ರೆ ಹೋಗ್ಲಿ, ಇನ್ನೊಂದ್ ಬೆಳೆ ಆಯ್ತದೆ. ದುಡ್ಡಿನ್ ಮಾತು ಎತ್ಬ್ಯಾಡಿ. ತಿಳೀದೆ ಮಾಡಿದ್ರಿ, ಅದ್ಕೆ ನಂದೇನೂ ಇಲ್ಲ. ಆ ಮಗೀಗೆ ನನ್ ಬಾಯಲ್ಲಿ ಏನೇನ್ ಅನ್ನಿಸ್ಬುಟ್ರಿ. ನೀವು ಎದ್ರಿಗೇ ಕೂತಿದ್ರಿ. ನಾನ್ ಅಂತಿದ್ದೆ, ನೀವು ಉಣ್ತಿದ್ರಿ."

ಅವರು ಹುಳದ ಮನೆಯ ಬಾಗಿಲು ಎಳೆದುಕೊಂಡು, ಸೀರೆ ಬದಲಾಯಿಸಿ, ಆ ಮಧ್ಯಾಹ್ನದ ಬಸ್ಸಿಗೇ ಹಾರೋಹಳ್ಳಿಗೆ ಹೊರಟರು. ಬದುವಿನ ಮೇಲೆ ನಿಂತು ನೋಡಿದೆ. ಅಂಗಳದಲ್ಲಿ ನಾಯಿ ಒಂದೇ ಇತ್ತು.

ಮರುದಿನ ಬೆಳಿಗ್ಗೆ ಗಂಟೆ ಹೊಡೆಯುವ ಮುಂಚೆ ಪೈಪಿನ ಮುಂದೆ ನಿಂತೆ. ನೀರು ಬರುವುದಿಲ್ಲ ಅಂತಲೇ ಅಂದುಕೊಂಡಿದ್ದೆ. ಅಕ್ಕ ಪಕ್ಕದ ಮನೆಯವರಿಗೆ ಹೇಳಿ ಹೋಗಿದ್ದರೋ ಏನೋ, ಹೊತ್ತಿಗೆ ಸರಿಯಾಗಿ ಪೈಪು ಕೆಮ್ಮಿ ನೀರು ಬಂತು. ಮಕ್ಕಳು ಕ್ಯಾನು ಹಿಡಿದು ಓಡಿದರು. ಅವತ್ತು ಪಾಠ ಮಾಡಲಿಲ್ಲ. ಮಕ್ಕಳನ್ನು ಅವರೆ ಸಾಲಿನ ಮುಂದೆ ಕೂರಿಸಿ, ನಾನು ಏನು ಮಾಡಿದೆ ಅಂತ ಹೇಳಿದೆ. "ಮಿಸ್, ನಮ್ಮನ್ ಕೇಳಿದ್ರೆ ಹೇಳ್ತಿದ್ವಲ್ಲ" ಅಂದಿತು ಒಂದು ಮಗು. ಹೌದು, ಕೇಳಬೇಕಿತ್ತು. ಬೋರ್ಡನ್ನು ನಾನೇ ಕಿತ್ತು ಸ್ಟೋರ್ ರೂಮಿನಲ್ಲಿ ಗೋಡೆಯ ಕಡೆ ಮುಖ ಮಾಡಿ ಇಟ್ಟೆ. ಈಗ ಹೇನು ಬಿದ್ದರೆ ಎಲ್ಲರೂ ಸಾಲಾಗಿ ಕೂತು, ನೀರಲ್ಲಿ ಬಟ್ಟೆ ಅದ್ದಿ ಕುಡಿ ಒರೆಸುತ್ತೇವೆ. ನಿಧಾನದ ಕೆಲಸ, ಆದರೆ ಆಗುತ್ತದೆ.

ನಾಲ್ಕನೇ ದಿನ ಅಕ್ಕ ಬಂದರು, ಜೊತೆಯಲ್ಲಿ ಸೊಸೆಯೂ. ಈಗ ಬೆಳಿಗ್ಗೆ ನೀರು ಬಿಡುವವಳು ಅವಳೇ. ಒಂದು ದಿನ ಬದುವಿನ ಹತ್ತಿರ ಎದುರಾದಳು. ಕ್ಷಮಿಸು ಅನ್ನಲು ಬಾಯಿ ತೆರೆದೆ. "ತಡ ಮಾಡಿದ್ರಿ ಮೇಡಂ" ಅಂದಳು. ಸಿಟ್ಟಿನಲ್ಲೇನೂ ಅಲ್ಲ, ಬಸ್ಸಿಗೆ ತಡವಾದವರಿಗೆ ಹೇಳಿದ ಹಾಗೆ. ಹುಳದ ಮನೆಯ ಕೀಲಿ ಅವಳ ಸೊಂಟದಲ್ಲಿತ್ತು.

ನನ್ನ ಕೋಣೆಯಲ್ಲಿ ಅಕ್ಕನ ಸ್ಟೀಲ್ ಡಬ್ಬಿ ಉಳಿದುಕೊಂಡಿತ್ತು, ಐದನೇ ಭಾನುವಾರದ್ದು. ದಿನಾ ಬೆಳಿಗ್ಗೆ ಎದ್ದ ಕೂಡಲೇ ಕಣ್ಣಿಗೆ ಬೀಳುತ್ತಿತ್ತು. ಕೊಡಬೇಕು. ಖಾಲಿ ಕೊಡುವಂತಿಲ್ಲ. ಏನು ಹಾಕಿ ಕೊಡಲಿ? ಬೆಲ್ಲ ಹಾಕಿದೆ, ತೆಗೆದೆ. ಯಾವ ಮುಖ ಇಟ್ಟುಕೊಂಡು ಬೆಲ್ಲ ಹಾಕುವುದು? ಎರಡು ಭಾನುವಾರ ಹಾಗೇ ಕಳೆದವು, ಕರೆ ಬರಲಿಲ್ಲ. ಶಾಲೆಯ ಅವರೆಯ ಕೊನೆಯ ಕೊಯ್ಲು ಬಂತು. ಶುಕ್ರವಾರ ರಾತ್ರಿ ಕಾಳು ನೆನೆಹಾಕಿ, ಶನಿವಾರ ಮುಂಜಾನೆ ಎದ್ದು ಒಬ್ಬಳೇ ಕೂತು ಹಿತುಕಿದೆ. ಈ ಸಲ ಒಂದು ಬೇಳೆಯೂ ಬಟ್ಟಲಿಂದ ಆಚೆ ಹಾರಲಿಲ್ಲ, ನಗುವವರೂ ಇರಲಿಲ್ಲ. ಡಬ್ಬಿ ತುಂಬಿ, ಮುಚ್ಚಳ ಒತ್ತಿ, ಅಡುಗೆಯಮ್ಮನ ಕೈಲಿ ಕಳಿಸಿದೆ.

ಅವರು ಬೇಗ ವಾಪಸ್ಸು ಬಂದರು. ಕೈಯಲ್ಲಿ ಡಬ್ಬಿ ಇರಲಿಲ್ಲ, ಪೇಪರಿನ ಪೊಟ್ಟಣ ಇತ್ತು. ಒದ್ದೆಗೆ ಪೇಪರು ಅಲ್ಲಲ್ಲಿ ಹರಿದಿತ್ತು.

"ಡಬ್ಬಿ ಅವ್ರೇ ಇಟ್ಕಂಡ್ರು" ಅಂದರು. "ಕಾಳು ಮಕ್ಕಳ ತೋಟದ್ದು, ಮಕ್ಕಳ ಸಾರಿಗೇ ಹಾಕಿ ಅಂದ್ರು ಮೇಡಂ."

ಅವತ್ತಿನ ಸಾರಿಗೆ ಆ ಕಾಳು ಬಿತ್ತು. ಮಕ್ಕಳು ಎರಡೆರಡು ಸಲ ಹಾಕಿಸಿಕೊಂಡವು, ಯಾವ ತಟ್ಟೆಯ ಅಂಚಿನಲ್ಲೂ ಏನೂ ಉಳಿಯಲಿಲ್ಲ. ನಾನೂ ಅವರ ಸಾಲಿನ ಕೊನೆಯಲ್ಲಿ ಕೂತು ಉಂಡೆ. ಮಾರನೇ ದಿನ ಭಾನುವಾರ. ನೀರು ಈಗಲೂ ದಿನಾ ಹೊತ್ತಿಗೆ ಸರಿಯಾಗಿ ಬರುತ್ತದೆ. ನನ್ನ ಕೋಣೆಯಲ್ಲಿ ಇರುವ ಪಾತ್ರೆಗಳೆಲ್ಲ ನನ್ನವೇ.